ಮಕ್ಕಳ ತೋಟದ ಮಾಲಿ ಫ್ರೋಬೆಲ್

ಮೂರು ವರ್ಷ ತುಂಬಿದ ಮಗುವನ್ನು ಕೆ.ಜಿ.ಗೆ ಹಾಕಿದ್ದೇವೆಂದು ತಂದೆತಾಯಂದಿರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಎಲ್.ಕೆ.ಜಿ., ಯು.ಕೆ.ಜಿ. ಎಂಬ ಹೆಸರುಗಳು ಈಗ ಹಳ್ಳಿಗಳಿಗೂ ಬಂದಿವೆ. ಆದರೆ ಈ ಅಕ್ಷರಗಳು ಕಿಂಡರ್‌ಗಾರ್ಟನ್ ಎಂಬ ಜರ್ಮನ್ ಮಾತಿನ ಮೊಟಕು ರೂಪವೆಂಬುದೂ, ಆ ಮಾತಿಗೆ ಮಕ್ಕಳ ತೋಟವೆಂದು ಅರ್ಥವೆಂಬುದೂ ಎಷ್ಟೋ ಜನರಿಗೆ ತಿಳಿಯದು. ಆ ಹೆಸರಿಟ್ಟವರು ಫ್ರೆಡರಿಕ್ ಫ್ರೋಬೆಲ್. ಅವರ ತೋಟದಲ್ಲಿ ಮಗ್ಗಿಯ ಬಾಯಿಪಾಠವಿರಲಿಲ್ಲ, ಪರೀಕ್ಷೆಯಿರಲಿಲ್ಲ. ಉಣ್ಣೆಯ ಚೆಂಡು, ಮರದ ತುಂಡು, ಹಾಡು, ಹೂವಿನ ಪಾತಿ ಇದ್ದವು. ಇದನ್ನೇ ಅಪಾಯಕರವೆಂದು ಬಗೆದು ಒಂದು ದೊಡ್ಡ ಸರಕಾರ ನಿಷೇಧಿಸಿತು. ಅದು ಹೇಗೆಂಬುದನ್ನು ತಿಳಿಯಲು ಅವರ ಬಾಲ್ಯದಿಂದಲೇ ತೊಡಗಬೇಕು.

ಜರ್ಮನಿಯ ನಡುಭಾಗದಲ್ಲಿ ತುರಿಂಗಿಯಾ ಎಂಬ ಕಾಡುಬೆಟ್ಟಗಳ ಸೀಮೆಯಿದೆ. ಅಲ್ಲಿಯ ಓಬರ್‌ವೈಸ್‌ಬಾಖ್ ಎಂಬ ಊರಿನಲ್ಲಿ ೧೭೮೨ನೆಯ ಇಸವಿ ಏಪ್ರಿಲ್ ೨೧ರಂದು ಫ್ರೆಡರಿಕ್ ಹುಟ್ಟಿದನು. ತಂದೆ ಪಾದ್ರಿ. ಹಲವು ಹಳ್ಳಿಗಳ ಸಭೆಗಳನ್ನು ನೋಡಿಕೊಳ್ಳಬೇಕಾಗಿದ್ದುದರಿಂದ ಅವರಿಗೆ ಮನೆಯ ಕಡೆ ಗಮನ ಕಡಿಮೆ. ಮಗುವಿಗೆ ಒಂಬತ್ತು ತಿಂಗಳಾಗಿದ್ದಾಗ ತಾಯಿ ತೀರಿಕೊಂಡಳು. ಆಳುಗಳೂ ಅಣ್ಣಂದಿರೂ ಕೂಸನ್ನು ನೋಡಿಕೊಂಡರು. ನಾಲ್ಕರ ವಯಸ್ಸಿಗೆ ಮಲತಾಯಿ ಬಂದಳು. ಮೊದಮೊದಲು ಆಕೆ ಹುಡುಗನನ್ನು ಅಕ್ಕರೆಯಿಂದಲೇ ಕಂಡಳು; ತನಗೊಂದು ಮಗುವಾದ ಮೇಲೆ ಬದಲಾದಳು. ಮನೆಮಕ್ಕಳನ್ನು ಕರೆಯುವ ಸಲಿಗೆಯ ಮಾತನ್ನು ಬಿಟ್ಟು, ಹೊರಗಿನವರನ್ನು ದೂರವಿಟ್ಟು ಮಾತನಾಡಿಸುವ ಧಾಟಿಯಲ್ಲಿ ಅವನನ್ನು ಕರೆಯತೊಡಗಿದಳು. ನಮ್ಮ ಭಾಷೆಯಂತೆ ಜರ್ಮನ್ ಭಾಷೆಯಲ್ಲಿಯೂ ಈ ಭೇದ ಉಂಟು. ಒಂದು ಸರ್ವನಾಮ ಬದಲಾದುದು ಆ ಎಳೆಯ ಮನಸ್ಸಿಗೆ ಎಷ್ಟು ನಾಟಿತೆಂದರೆ, ನಲವತ್ತೈದರ ವಯಸ್ಸಿನಲ್ಲಿ ತನ್ನ ಜೀವನವೃತ್ತಾಂತವನ್ನು ಬರೆಯುವಾಗಲೂ ಅದು ಮರೆತಿರಲಿಲ್ಲ.

ಹುಡುಗನಿಗೆ ಜೊತೆಗಾರರಿರಲಿಲ್ಲ. ತಂದೆ ಅವನನ್ನು ಊರಿನ ಹುಡುಗರ ಶಾಲೆಗೆ ಕಳಿಸದೆ ಹುಡುಗಿಯರ ಶಾಲೆಯಲ್ಲಿ ಕೂರಿಸಿದರು. ಉಳಿದ ಹೊತ್ತೆಲ್ಲ ಮನೆಯ ಅಂಗಳ ಮತ್ತು ಹಿತ್ತಲಿನ ತೋಟ. ಒಮ್ಮೆ ಹತ್ತಿರದ ಚರ್ಚಿನ ದುರಸ್ತಿ ನಡೆದಿತ್ತು. ಕೆಲಸಗಾರರು ಕಲ್ಲಿನ ಮೇಲೆ ಕಲ್ಲಿಡುವುದನ್ನು ನೋಡಿ ಅವನಿಗೂ ಒಂದು ಚರ್ಚನ್ನು ಕಟ್ಟುವ ಹುರುಪು ಬಂತು. ಕೈಗೆ ಸಿಕ್ಕಿದ್ದನ್ನೆಲ್ಲ ಒಟ್ಟುಹಾಕಿ ಕಟ್ಟಲು ನೋಡಿದನು. ಒಂದೂ ಒಂದಕ್ಕೊಂದು ಹೊಂದಲಿಲ್ಲ, ಎಲ್ಲ ಉರುಳಿತು. ಮಗುವಿನ ಕೈಗೆ ಹೊಂದುವ ಸಾಮಾನು ಸಿಕ್ಕಿದ್ದರೆ ಎಂಬ ಕೊರಗು ಮಾತ್ರ ಉಳಿಯಿತು. ಈ ಸಣ್ಣ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು.

ಹತ್ತು ವರ್ಷವಾದಾಗ ತಾಯಿಯ ಅಣ್ಣ ಬಂದು ಹುಡುಗನನ್ನು ಷ್ಟಾಟ್‌ಇಲ್ಮ್ ಎಂಬ ಪಟ್ಟಣಕ್ಕೆ ಕರೆದೊಯ್ದರು. ಸೋದರಮಾವನ ಮನೆಯಲ್ಲಿ ಬೈಗಳಿಲ್ಲ, ಗುಮಾನಿಯಿಲ್ಲ. ಶಾಲೆ ಬಿಟ್ಟ ಕೂಡಲೆ ಓರಗೆಯ ಹುಡುಗರೊಡನೆ ಓಡಬಹುದಾಗಿತ್ತು. ಆದರೆ ಓಡುವುದಕ್ಕೆ ಹೋದಾಗ ತನ್ನ ಕಾಲಿನಲ್ಲಿ ಬಲವೇ ಇಲ್ಲವೆಂದು ತಿಳಿಯಿತು. ಹತ್ತು ವರ್ಷ ಆಡದೆ ಬೆಳೆದ ಮೈಯಲ್ಲವೆ!

ಮುಂದಿನ ಹದಿನೈದು ವರ್ಷಗಳು ನೆಲೆಯಿಲ್ಲದ ಅಲೆದಾಟ. ಅರಣ್ಯದ ಕೆಲಸ ಕಲಿಯಲು ಎರಡು ವರ್ಷ, ಜೇನಾ ವಿಶ್ವವಿದ್ಯಾನಿಲಯದಲ್ಲಿ ಎರಡು ವರ್ಷ. ಅಲ್ಲಿ ಸಾಲ ತೀರಿಸಲಾಗದೆ ೧೮೦೧ರಲ್ಲಿ ಒಂಬತ್ತು ವಾರ ವಿಶ್ವವಿದ್ಯಾನಿಲಯದ ಸೆರೆಯಲ್ಲಿಯೂ ಇರಬೇಕಾಯಿತು. ಭೂಮಾಪನ, ಲೆಕ್ಕಪತ್ರ ಮುಂತಾದ ಕೆಲಸಗಳನ್ನು ಮಾಡಿ, ಕಟ್ಟಡ ಕಟ್ಟುವ ವಿದ್ಯೆ ಕಲಿಯಲೆಂದು ೧೮೦೫ರಲ್ಲಿ ಫ್ರಾಂಕ್‌ಫರ್ಟ್ ನಗರಕ್ಕೆ ಬಂದನು. ಅಲ್ಲಿ ಪರಿಚಯವಾದ ಶಾಲೆಯ ಮುಖ್ಯಸ್ಥ ಗ್ರೂನರ್ ಎಂಬವರು ಈ ಯುವಕನ ಗುಣವನ್ನು ಕಂಡು ಉಪಾಧ್ಯಾಯನಾಗೆಂದು ಕರೆದರು. ಮೂವತ್ತು ನಲವತ್ತು ಹುಡುಗರ ಮುಂದೆ ನಿಂತ ಮೊದಲನೆಯ ದಿನವೇ ತನ್ನ ಜಾಗ ಯಾವುದೆಂದು ಫ್ರೋಬೆಲರಿಗೆ ಗೊತ್ತಾಯಿತು.

ಆ ಕಾಲದಲ್ಲಿ ಸ್ವಿಟ್ಸರ್ಲೆಂಡಿನ ಇವರ್ಡನ್ ಎಂಬ ಊರಿನಲ್ಲಿ ಪೆಸ್ಟಲಾಟ್ಸಿ ಎಂಬ ಮಹಾಶಿಕ್ಷಕ ಶಾಲೆ ನಡೆಸುತ್ತಿದ್ದರು. ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ ಕಲಿಯಬೇಕೆಂಬುದು ಅವರ ಕ್ರಮ. ಫ್ರೋಬೆಲರು ೧೮೦೮ರಿಂದ ಎರಡು ವರ್ಷ ಅಲ್ಲಿದ್ದರು. ಹಲವನ್ನು ಕಲಿತರು, ಕೆಲವನ್ನು ಒಪ್ಪದೆ ಬಂದರು. ಆಮೇಲೆ ಬರ್ಲಿನ್ನಿನಲ್ಲಿ ವೈಸ್ ಎಂಬ ಪ್ರಾಧ್ಯಾಪಕರ ಬಳಿ ಖನಿಜ ಹರಳುಗಳ ಅಧ್ಯಯನ. ಉಪ್ಪಿನ ಹರಳನ್ನು ಒಡೆದರೆ ಚೂರೂ ಚೌಕವಾಗಿಯೇ ಇರುತ್ತದೆ. ದೊಡ್ಡದರ ನಿಯಮವೇ ಸಣ್ಣದರಲ್ಲಿಯೂ ಇರುತ್ತದೆ. ಜಡವಸ್ತುವಿನಲ್ಲಿಯೇ ಇಂಥ ಒಳನಿಯಮವಿರುವಾಗ ಬೆಳೆಯುವ ಮಗುವಿನಲ್ಲಿ ಇಲ್ಲದಿದ್ದೀತೆ ಎಂಬುದು ಅವರ ತರ್ಕ. ೧೮೧೩ರಲ್ಲಿ ನೆಪೋಲಿಯನ್ನನ ವಿರುದ್ಧ ನಡೆದ ಯುದ್ಧಕ್ಕೆ ಸ್ವಯಂಸೇವಕರಾಗಿ ಹೋದರು. ಅಲ್ಲಿ ಸಿಕ್ಕಿದ ಮಿಡೆನ್‌ಡಾರ್ಫ್, ಲಾಂಗೆಟಾಲ್ ಎಂಬಿಬ್ಬರು ಕೊನೆಯವರೆಗೂ ಗೆಳೆಯರಾಗಿ ಉಳಿದರು.

ಅದೇ ವರ್ಷ ಅಣ್ಣ ಕ್ರಿಸ್ಟೋಫ್, ಗಾಯಾಳು ಸೈನಿಕರ ಆರೈಕೆ ಮಾಡುತ್ತ ಜ್ವರ ತಗಲಿ ಸತ್ತನು. ತಾಯಿಯಿಲ್ಲದ ತಮ್ಮನಿಗೆ ಬಾಲ್ಯದಲ್ಲಿ ಆಸರೆಯಾಗಿದ್ದವನು, ತೋಟದ ಗಿಡದ ಹೂವನ್ನು ತೋರಿಸಿ ಹೆಣ್ಣುಗಂಡಿನ ಭೇದ ತಿಳಿಸಿಕೊಟ್ಟವನು ಈ ಅಣ್ಣನೇ. ಅವನ ಮೂವರು ಗಂಡುಮಕ್ಕಳು ತಬ್ಬಲಿಗಳಾದರು. ಫ್ರೋಬೆಲರು ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿದ್ದ ಒಳ್ಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು, ೧೮೧೬ರಲ್ಲಿ ಊರಿಗೆ ಬಂದು, ಆ ಮೂವರನ್ನೂ ಮತ್ತೊಬ್ಬ ಅಣ್ಣನ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಶಾಲೆ ತೆರೆದರು. ಮುಂದಿನ ವರ್ಷ ಅದು ಕೈಲ್‌ಹೌ ಎಂಬ ಹಳ್ಳಿಗೆ ಹೋಯಿತು. ಹತ್ತು ವರ್ಷಗಳಲ್ಲಿ ಹುಡುಗರ ಸಂಖ್ಯೆ ಅರುವತ್ತರ ಹತ್ತಿರ ಬಂದಿತ್ತು. ಆದರೆ ಶಾಲೆಯಲ್ಲಿ ರಾಜದ್ರೋಹದ ಗಾಳಿಯಿದೆಯೆಂಬ ಗುಲ್ಲೆದ್ದು ೧೮೨೯ರ ಹೊತ್ತಿಗೆ ಐದೇ ಹುಡುಗರು ಉಳಿದರು. ಐದರಿಂದ ಅರುವತ್ತು, ಅರುವತ್ತರಿಂದ ಐದು. ಹೊಸ ದಾರಿ ಹಿಡಿದ ಶಾಲೆಗಳ ಪಾಡು ಆಗಲೂ ಹೀಗೆಯೇ.

ಆಮೇಲೆ ಕೆಲವು ವರ್ಷ ಸ್ವಿಟ್ಸರ್ಲೆಂಡಿನಲ್ಲಿ. ಬುರ್ಗ್‌ಡಾರ್ಫ್‌ನ ಅನಾಥಾಲಯವನ್ನು ನೋಡಿಕೊಳ್ಳುತ್ತಿದ್ದಾಗ ಅವರಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಶಾಲೆಗೆ ಬರುವ ಹೊತ್ತಿಗೆ ಮಗುವಿನ ಬುನಾದಿ ಬಿದ್ದುಹೋಗಿರುತ್ತದೆ. ಅದು ಸೊಟ್ಟಗಿದ್ದರೆ ಗುರುವಿನ ಪಾಡು ಬಹಳ ಕಷ್ಟ. ಆದ್ದರಿಂದ ಆರೇಳು ವರ್ಷದೊಳಗಿನ ಮಕ್ಕಳನ್ನು ನೋಡಬೇಕು. ಅವರಿಗೆ ಕಲಿಸುವುದು ಹೇಗೆ? ಮಗುವೇ ದಾರಿ ತೋರಿಸುತ್ತಿತ್ತು. ಅದು ಎಚ್ಚರವಿರುವಷ್ಟು ಹೊತ್ತೂ ಆಡುತ್ತದೆ. ದೊಡ್ಡವರಿಗೆ ಅದು ಕಾಲಹರಣದಂತೆ ಕಂಡರೂ ಮಗುವಿಗೆ ಅದೇ ದುಡಿಮೆ. ೧೮೩೭ರಲ್ಲಿ, ಐವತ್ತೈದರ ವಯಸ್ಸಿನಲ್ಲಿ, ಫ್ರೋಬೆಲರು ತುರಿಂಗಿಯಾದ ಬ್ಲಾಂಕೆನ್‌ಬುರ್ಗಿಗೆ ಬಂದು ಆಟದ ಸಾಮಾನುಗಳನ್ನು ಮಾಡತೊಡಗಿದರು. ಅವಕ್ಕೆ ಕೊಡುಗೆಗಳೆಂದು ಹೆಸರಿಟ್ಟರು.

ಮೊದಲನೆಯ ಕೊಡುಗೆ ಆರು ಬಣ್ಣದ ಆರು ಮೆತ್ತನೆಯ ಉಣ್ಣೆಯ ಚೆಂಡುಗಳು. ದಾರ ಕಟ್ಟಿದ ಚೆಂಡು ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಸೆರಗಿನ ಹಿಂದೆ ಮಾಯವಾಗುತ್ತದೆ, ತಿರುಗಿ ಬರುತ್ತದೆ. ತೊಟ್ಟಿಲ ಕೂಸಿಗೂ ಇದು ಸಾಕು. ಎರಡನೆಯದು ಮರದ ಗುಂಡು, ಮರದ ಘನ, ಇವೆರಡರ ಗುಣವೂ ಕೂಡಿದ ಸಿಲಿಂಡರು. ಗುಂಡು ಉರುಳುತ್ತದೆ, ಘನ ನಿಲ್ಲುತ್ತದೆ, ಸಿಲಿಂಡರು ನಿಲ್ಲಿಸಿದರೆ ನಿಲ್ಲುತ್ತದೆ, ಮಲಗಿಸಿದರೆ ಉರುಳುತ್ತದೆ.

ಮೂರನೆಯದನ್ನು ನಾನು ಎಲ್ಲಕ್ಕಿಂತ ಮೆಚ್ಚಿದ್ದೇನೆ. ಅದು ಎರಡಂಗುಲದ ಒಂದು ಘನ. ಒಂದೊಂದು ಅಂಗುಲದ ಎಂಟು ಘನಗಳಾಗಿ ಬಿಡಿಸಬಹುದು. ಮುಚ್ಚಳವಿರುವ ಮರದ ಪೆಟ್ಟಿಗೆಯಲ್ಲಿ ಅದನ್ನು ಇಟ್ಟಿರುತ್ತಾರೆ. ಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟು, ಮುಚ್ಚಳವನ್ನು ಮೆಲ್ಲನೆ ಎಳೆದು, ಪೆಟ್ಟಿಗೆಯನ್ನು ಎತ್ತಬೇಕು. ಆಗ ಮಗುವಿನ ಕಣ್ಣಿಗೆ ಮೊದಲು ಬೀಳುವುದು ಚೂರುಗಳ ರಾಶಿಯಲ್ಲ, ಒಂದು ಅಖಂಡ ವಸ್ತು. ಮಗು ಅದನ್ನು ಎರಡು ಮಾಡುತ್ತದೆ, ನಾಲ್ಕು ಮಾಡುತ್ತದೆ, ಎಂಟು ಮಾಡುತ್ತದೆ. ಅರ್ಧ, ಕಾಲು, ಅರೆಕಾಲು ಎಂಬ ಲೆಕ್ಕ ಹಲಗೆ ಬಳಪವಿಲ್ಲದೆ ಕೈಗೆ ಬರುತ್ತದೆ. ಅದೇ ಎಂಟು ತುಂಡುಗಳಿಂದ ಕುರ್ಚಿ, ಮೆಟ್ಟಿಲು, ಬಾವಿಕಟ್ಟೆ ಆಗುತ್ತವೆ. ನಮ್ಮ ರಂಗೋಲಿಯಂತೆ ಸುತ್ತ ಹರಡಿಟ್ಟರೆ ಚೆಲುವಾದ ಚಿತ್ರವೂ ಆಗುತ್ತದೆ. ಎರಡು ನಿಯಮಗಳಿದ್ದವು. ಯಾವ ತುಂಡನ್ನೂ ಬೇಡವೆಂದು ಬದಿಗಿಡಬಾರದು. ಕಟ್ಟಿದ್ದನ್ನು ಕೆಡವಿ ಹೊಸದನ್ನು ಮಾಡದೆ, ಒಂದೆರಡು ತುಂಡು ಸರಿಸಿ ಒಂದರಿಂದ ಇನ್ನೊಂದನ್ನು ಹುಟ್ಟಿಸಬೇಕು. ಆಟ ಮುಗಿದ ಮೇಲೆ ಎಂಟೂ ಸೇರಿ ಮತ್ತೆ ಒಂದಾಗಿ ಪೆಟ್ಟಿಗೆ ಸೇರಬೇಕು. ಮುಂದಿನ ಕೊಡುಗೆಗಳಲ್ಲಿ ಇಟ್ಟಿಗೆಯಾಕಾರದ ತುಂಡುಗಳೂ ಮೂಲೆಯಿಂದ ಮೂಲೆಗೆ ಸೀಳಿದ ತುಂಡುಗಳೂ ಬರುತ್ತವೆ. ಐದನೆಯದರಲ್ಲಿ ಒಟ್ಟು ೩೯ ತುಂಡುಗಳು. ಅವುಗಳಿಂದ ಒಂದು ಚರ್ಚನ್ನೇ ಕಟ್ಟಬಹುದು. ಓಬರ್‌ವೈಸ್‌ಬಾಖ್‌ನ ಅಂಗಳದಲ್ಲಿ ಹುಡುಗನಿಗೆ ಸಿಗದೆ ಹೋದ ಸಾಮಾನು ಇದೇ.

ಕೊಡುಗೆಗಳ ಜೊತೆಗೆ ಕೈಗೆಲಸಗಳು: ಕಾಗದ ಮಡಚುವುದು, ಕಾಗದದ ಪಟ್ಟಿಗಳಿಂದ ಚಾಪೆ ಹೆಣೆಯುವುದು, ಜೇಡಿಮಣ್ಣಿನ ಬೊಂಬೆ, ನೆನೆಸಿದ ಬಟಾಣಿಗೆ ಕಡ್ಡಿ ಚುಚ್ಚಿ ಮನೆ ಕಟ್ಟುವುದು. ವರ್ತುಲವಾಗಿ ನಿಂತು ಹಾಡಿ ಆಡುವ ಆಟಗಳು. ಮತ್ತು ನಿಜವಾದ ತೋಟ. ಪ್ರತಿಯೊಂದು ಮಗುವಿಗೂ ತನ್ನದೇ ಆದ ಒಂದು ಪುಟ್ಟ ಪಾತಿ. ಅವಕ್ಕೆ ಹೊಂದಿ ಎಲ್ಲರಿಗೂ ಸೇರಿದ ದೊಡ್ಡ ಪಾತಿಗಳು. ತನ್ನ ಗಿಡಕ್ಕೆ ನೀರು ಹಾಕದಿದ್ದರೆ ಅದು ಬಾಡುತ್ತದೆಂಬುದನ್ನು ಮಗು ಯಾರ ಉಪದೇಶವಿಲ್ಲದೆಯೇ ತಿಳಿಯುತ್ತಿತ್ತು.

ಈ ಸಂಸ್ಥೆಗೆ ಮೊದಲು ಇಟ್ಟ ಹೆಸರು ಉದ್ದವೂ ಒರಟೂ ಆಗಿತ್ತು. ಒಂದು ದಿನ ಗೆಳೆಯರೊಡನೆ ಕೈಲ್‌ಹೌದಿಂದ ಬೆಟ್ಟದ ಹಾದಿಯಲ್ಲಿ ಬ್ಲಾಂಕೆನ್‌ಬುರ್ಗಿಗೆ ನಡೆದು ಬರುತ್ತಿರುವಾಗ ಕಿಂಡರ್‌ಗಾರ್ಟನ್ ಎಂಬ ಹೆಸರು ಫಕ್ಕನೆ ಹೊಳೆಯಿತೆಂದು ಜೊತೆಯಲ್ಲಿದ್ದ ಬಾರೊಪ್ ಬರೆದಿದ್ದಾರೆ. ೧೮೪೦ರ ಜೂನ್ ೨೮ರಂದು ಆ ಹೆಸರಿನಲ್ಲಿ ಸಂಸ್ಥೆ ವಿಧಿವತ್ತಾಗಿ ಆರಂಭವಾಯಿತು. ಅದನ್ನು ನೋಡಲು ಪತ್ನಿ ಹೆನ್ರಿಯೆಟ್ ಇರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಹಣಕ್ಕಾಗಿ ಜರ್ಮನಿಯ ಹೆಂಗಸರಿಗೆಲ್ಲ ಮನವಿ ಮಾಡಿದರೂ ಮುಂದೆ ಬಂದವರು ಬಹಳ ಕಡಿಮೆ. ಆದರೂ ಫ್ರೋಬೆಲರು ಊರೂರು ತಿರುಗಿ, ತಾಯಂದಿರಿಗಾಗಿ ಹಾಡುಗಳ ಪುಸ್ತಕವೊಂದನ್ನು ೧೮೪೪ರಲ್ಲಿ ಹೊರತಂದು, ತರುಣಿಯರನ್ನು ಶಿಕ್ಷಕಿಯರಾಗಿ ತರಬೇತಿಗೊಳಿಸಿದರು. ಎಳೆಯ ಮಕ್ಕಳ ಶಿಕ್ಷಣಕ್ಕೆ ಹೆಂಗಸರೇ ತಕ್ಕವರೆಂಬ ಮಾತನ್ನು ಕೇಳಿ ನಕ್ಕವರೇ ಆಗ ಹೆಚ್ಚು. ತಾಯಿಯ ಮುಖವನ್ನೇ ಅರಿಯದ ಮನುಷ್ಯ ತಾಯಂದಿರಿಗೆ ಹಾಡು ಬರೆದುಕೊಟ್ಟದ್ದನ್ನು ನೆನೆದರೆ ಮನಸ್ಸು ತುಂಬಿಬರುತ್ತದೆ.

೧೮೪೯ರಲ್ಲಿ ಅವರು ಲೀಬೆನ್‌ಷ್ಟೈನ್ ಎಂಬ ಊರಿಗೆ ಬಂದು ನೆಲೆಸಿದರು. ಅದು ಶ್ರೀಮಂತರು ಆರೋಗ್ಯಸ್ನಾನಕ್ಕೆ ಬರುವ ಊರು. ಹಳ್ಳಿಯ ಮಕ್ಕಳನ್ನು ಕಟ್ಟಿಕೊಂಡು ಗುಡ್ಡದ ಮೇಲೆ ಕುಣಿಯುವ ನರೆಗೂದಲಿನ ಈ ಮನುಷ್ಯನನ್ನು ಊರವರು ಹುಚ್ಚು ಮುದುಕನೆಂದು ಕರೆಯುತ್ತಿದ್ದರು. ಬೆರ್ಟಾ ಫಾನ್ ಮಾರೆನ್‌ಹೋಲ್ಟ್ಸ್ ಎಂಬ ಶ್ರೀಮಂತ ಮಹಿಳೆ ಈ ಮಾತು ಕೇಳಿ, ಆ ಮುದುಕನನ್ನು ನೋಡಲೆಂದೇ ಗುಡ್ಡ ಹತ್ತಿದಳು. ಬರಿಗಾಲಿನ ಮಕ್ಕಳ ನಡುವೆ ಅವರನ್ನು ಕಂಡವಳು ತನ್ನ ಉಳಿದ ಬಾಳನ್ನೇ ಈ ಕೆಲಸಕ್ಕೆ ಕೊಟ್ಟಳು.

ಆಗ ಬಂತು ಸಿಡಿಲು. ೧೮೪೮ರ ಕ್ರಾಂತಿಯನ್ನು ಅಡಗಿಸಿ ಬೆಚ್ಚಿದ್ದ ಪ್ರಷ್ಯಾ ಸರಕಾರ, ೧೮೫೧ರ ಆಗಸ್ಟ್ ೭ರಂದು ತನ್ನ ರಾಜ್ಯದಲ್ಲಿ ಎಲ್ಲ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಅವು ನಾಸ್ತಿಕತೆಯನ್ನೂ ಸಮಾಜವಾದವನ್ನೂ ಎಳೆಯರಿಗೆ ಕಲಿಸುತ್ತವೆಂಬುದು ಆರೋಪ. ಫ್ರೋಬೆಲರ ಅಣ್ಣನ ಮಗ ಕಾರ್ಲ್ ಎಂಬಾತ ಹೆಣ್ಣುಮಕ್ಕಳ ಉನ್ನತ ಶಿಕ್ಷಣದ ಬಗ್ಗೆ ಪ್ರಗತಿಪರ ವಿಚಾರಗಳ ಪುಸ್ತಿಕೆ ಬರೆದಿದ್ದ. ಅದರ ಹೆಸರಿನಲ್ಲಿಯೂ ಕಿಂಡರ್‌ಗಾರ್ಟನ್ ಎಂಬ ಮಾತಿತ್ತು. ಆತನನ್ನೂ ಈತನನ್ನೂ ಒಂದೇ ಎಂದು ಬಗೆದ ಗೊಂದಲವೂ ನಿಷೇಧಕ್ಕೆ ಕಾರಣವಾಯಿತು. ತಾನು ಅವನಲ್ಲವೆಂದು ಫ್ರೋಬೆಲರು ತಿಳಿಸಿದರು, ದೊರೆಗೆ ಅರ್ಜಿ ಬರೆದರು. ಫಲವಾಗಲಿಲ್ಲ. ಗೊಂದಲವೊಂದೇ ಕಾರಣವಾಗಿದ್ದರೆ ಅದು ತಿಳಿದ ಕೂಡಲೆ ಆಜ್ಞೆ ಹಿಂದಕ್ಕೆ ಹೋಗಬೇಕಾಗಿತ್ತು. ಸ್ವತಂತ್ರವಾಗಿ ಆಡಿ ಬೆಳೆದ ಮಗು ನಾಳೆ ತಲೆತಗ್ಗಿಸುವ ಪ್ರಜೆಯಾಗದು ಎಂಬ ಅಂಜಿಕೆ ಮಂತ್ರಿಗಳಿಗೆ ಇದ್ದಿರಬೇಕೆಂದು ನನಗೆ ತೋರುತ್ತದೆ.

ಎರಡು ತಿಂಗಳ ಹಿಂದಷ್ಟೇ ಅವರು ತಮ್ಮ ಶಿಷ್ಯೆ ಲೂಯಿಸ್ ಲೆವಿನ್ ಎಂಬಾಕೆಯನ್ನು ಮದುವೆಯಾಗಿದ್ದರು. ೧೮೫೨ರ ಏಪ್ರಿಲ್‌ನಲ್ಲಿ ಎಪ್ಪತ್ತು ತುಂಬಿತು. ಶಿಷ್ಯೆಯರೂ ಮಕ್ಕಳೂ ಹೂವು ತಂದು ಹಾಡಿದರು. ಸ್ವಲ್ಪ ದಿನಗಳಲ್ಲಿ ಗೋಟಾ ನಗರದಲ್ಲಿ ಶಿಕ್ಷಕರ ಮಹಾಸಭೆ ಕೂಡಿದಾಗ, ಒಳಗೆ ಬಂದ ಈ ವೃದ್ಧರನ್ನು ಕಂಡು ಸಭೆಯೆಲ್ಲ ಎದ್ದು ನಿಂತಿತು. ಜೂನ್ ೨೧ರಂದು ಅವರು ಕಣ್ಣುಮುಚ್ಚಿದರು. ಷ್ವೈನಾ ಎಂಬ ಊರಿನಲ್ಲಿರುವ ಅವರ ಸಮಾಧಿಯ ಮೇಲೆ ಘನ, ಅದರ ಮೇಲೆ ಸಿಲಿಂಡರು, ಅದರ ಮೇಲೆ ಗುಂಡನ್ನು ಕಲ್ಲಿನಲ್ಲಿ ಕಡೆದು ನಿಲ್ಲಿಸಿದ್ದಾರೆ.

ನಿಷೇಧ ತೆರವಾದುದು ೧೮೬೦ರಲ್ಲಿ. ಅಷ್ಟರಲ್ಲಿ ಬೀಜ ಗಡಿ ದಾಟಿ ಹಾರಿತ್ತು. ಜರ್ಮನಿ ಬಿಟ್ಟುಹೋದವರಲ್ಲಿ ಒಬ್ಬಳಾದ ಮಾರ್ಗರೆಟ್ ಷುರ್ಟ್ಸ್ ೧೮೫೬ರಲ್ಲಿ ಅಮೆರಿಕದ ವಾಟರ್‌ಟೌನ್‌ನಲ್ಲಿ ಮನೆಯಲ್ಲಿಯೇ ಕಿಂಡರ್‌ಗಾರ್ಟನ್ ತೆರೆದಳು. ೧೮೭೬ರಲ್ಲಿ ಟೋಕಿಯೋದಲ್ಲಿಯೂ ಒಂದು ಆರಂಭವಾಯಿತು. ಅದೇ ವರ್ಷ ಅಮೆರಿಕದ ತಾಯಿಯೊಬ್ಬಳು ಫಿಲಡೆಲ್ಫಿಯಾದ ವಸ್ತುಪ್ರದರ್ಶನದಲ್ಲಿ ಕೊಡುಗೆಗಳನ್ನು ಕಂಡು ತನ್ನ ಮಗನಿಗೆ ತಂದುಕೊಟ್ಟಳು. ಆ ಹುಡುಗ ಮುಂದೆ ಜಗತ್ಪ್ರಸಿದ್ಧ ವಾಸ್ತುಶಿಲ್ಪಿಯಾದ ಫ್ರಾಂಕ್ ಲಾಯ್ಡ್ ರೈಟ್. ಆ ಮರದ ತುಂಡುಗಳ ಋಣವನ್ನು ಆತ ಮುಪ್ಪಿನವರೆಗೂ ಸ್ಮರಿಸುತ್ತಿದ್ದ.

ಎಲ್ಲವೂ ಸರಿಯಾಗಿಯೇ ನಡೆಯಿತೆಂದಲ್ಲ. ಗುರು ಹೋದ ಮೇಲೆ ಕೆಲವು ಶಿಷ್ಯರು ಕೊಡುಗೆಗಳನ್ನು ಕವಾಯತಿನಂತೆ ಮಾಡಿಬಿಟ್ಟರು; ಶಿಕ್ಷಕಿ ಎಣಿಸಿದ ಹಾಗೆ ಮಕ್ಕಳು ಒಟ್ಟಿಗೆ ತುಂಡು ಎತ್ತಬೇಕು, ಒಟ್ಟಿಗೆ ಇಡಬೇಕು. ಅಂಗುಲದ ತುಂಡುಗಳು ಎಳೆಯ ಬೆರಳಿಗೆ ತೀರ ಸಣ್ಣವೆಂದು ಇಪ್ಪತ್ತನೆಯ ಶತಮಾನದ ಶಿಕ್ಷಕರು ಆಕ್ಷೇಪಿಸಿ ದೊಡ್ಡವನ್ನು ಮಾಡಿದರು. ೧೯೦೭ರಲ್ಲಿ ರೋಮ್ ನಗರದಲ್ಲಿ ಮಾಂಟೆಸೊರಿಯವರು ಬೇರೆ ದಾರಿ ತೆರೆದರು. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ೧೯೨೦ರಲ್ಲಿ ಭಾವನಗರದ ಬಾಲಮಂದಿರದಲ್ಲಿ ಅನುಸರಿಸಿದ್ದು ಆ ದಾರಿಯನ್ನು. ಭಾರತದ ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಆಟದ ಮೂಲಕವೇ ಕಲಿಕೆಯೆಂದು ಹೇಳುತ್ತದೆ. ಕೆ.ಜಿ. ಎಂಬ ಫಲಕದ ಕೆಳಗೆ ಮೂರು ವರ್ಷದ ಕೂಸಿಗೆ ಮನೆಪಾಠ ಬರೆಯಲು ಕೊಡುವುದನ್ನು ಫ್ರೋಬೆಲರು ಕಂಡಿದ್ದರೆ ಆ ಹೆಸರನ್ನು ಹಿಂದಕ್ಕೆ ಕೇಳುತ್ತಿದ್ದರೋ ಏನೋ!

ಲೂಯಿಸ್ ಗಂಡನ ನಂತರ ಬಹುಕಾಲ ಬದುಕಿದರು. ಹ್ಯಾಂಬುರ್ಗ್ ನಗರದಲ್ಲಿ ಕಿಂಡರ್‌ಗಾರ್ಟನ್ ಶಿಕ್ಷಕಿಯರಿಗೆ ತರಬೇತಿ ಕೊಡುತ್ತ, ನಿಷೇಧ ತೆರವಾದುದನ್ನೂ ದೇಶದೇಶಗಳಲ್ಲಿ ಮಕ್ಕಳ ತೋಟಗಳು ಎದ್ದುದನ್ನೂ ಕಂಡು, ೧೯೦೦ರ ಜನವರಿಯಲ್ಲಿ ತೀರಿಕೊಂಡರು.