‘ಸ್ಟೂಡೆಂಟ್’ ಅನ್ನೋ ಹೆಸರಿನ ಹಿಂದೆ

‘ಸ್ಟೂಡೆಂಟ್ಸ್ ಟಿ-ಟೆಸ್ಟ್’ ಲೆಕ್ಕವನ್ನು ನಾವೆಲ್ಲ ಗಣಿತದ ಪೇಪರ್‌ನಲ್ಲಿ ಮಾಡಿಯೇ ಇರ್ತೀವಿ. ಈ ‘ಸ್ಟೂಡೆಂಟ್’ ಯಾರು? ಯಾವುದೋ ಕಾಲೇಜಿನ ವಿದ್ಯಾರ್ಥಿಯಲ್ಲ, ಪ್ರೊಫೆಸರೂ ಅಲ್ಲ. ಬಿಯರ್ ಕಂಪನಿಯೊಂದರ ನೌಕರ!

ವಿಲಿಯಂ ಸೀಲಿ ಗಾಸೆಟ್ ಹುಟ್ಟಿದ್ದು 1876ರ ಜೂನ್ 13ರಂದು, ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಗಣಿತ ಮತ್ತು ರಸಾಯನಶಾಸ್ತ್ರ ಓದಿ, 1899ರಲ್ಲಿ ಡಬ್ಲಿನ್‌ನ ಗಿನ್ನೆಸ್ ಕಂಪನಿ ಸೇರಿದರು. ಯಾವ ಬಾರ್ಲಿ ತಳಿ ಒಳ್ಳೆಯದು ಅಂತ ಹೇಳಬೇಕಿತ್ತು. ಆದರೆ ಹೊಲದ ಒಂದು ಪ್ರಯೋಗಕ್ಕೆ ಒಂದು ಇಡೀ ಬೆಳೆಗಾಲ ಬೇಕು. ಕೈಗೆ ಸಿಗ್ತಿದ್ದ ಅಳತೆಗಳು ನಾಲ್ಕೋ ಹತ್ತೋ ಅಷ್ಟೇ. ಆಗ ಬಳಕೆಯಲ್ಲಿದ್ದ ಸೂತ್ರಗಳೋ, ದೊಡ್ಡ ಸ್ಯಾಂಪಲ್ ಇದ್ದರೆ ಮಾತ್ರ ನಂಬಬಹುದಾದಂಥವು.

1906ರಲ್ಲಿ ಗಾಸೆಟ್ ಲಂಡನ್ನಿಗೆ ಹೋಗಿ ಕಾರ್ಲ್ ಪಿಯರ್ಸನ್ ಅವರ ಬಳಿ ಕೆಲಸ ಮಾಡಿದರು. 3000 ಕೈದಿಗಳ ಎತ್ತರ ಮತ್ತು ಬೆರಳಿನ ಉದ್ದವನ್ನು ರಟ್ಟಿನ ಚೀಟಿಗಳ ಮೇಲೆ ಬರೆದು, ಚೆನ್ನಾಗಿ ಕಲಸಿ, ನಾಲ್ಕು ನಾಲ್ಕರಂತೆ 750 ಸ್ಯಾಂಪಲ್ ಮಾಡಿ ತಮ್ಮ ಸೂತ್ರವನ್ನು ಪರೀಕ್ಷಿಸಿದರು. ಕಂಪ್ಯೂಟರ್ ಇಲ್ಲದ ಕಾಲದ ಸಿಮ್ಯುಲೇಶನ್ ಅಂದ್ರೆ ಇದೇ. ಸ್ಯಾಂಪಲ್ ಚಿಕ್ಕದಾದಾಗ ಸ್ಟ್ಯಾಂಡರ್ಡ್ ಡೀವಿಯೇಶನ್ ಕೂಡ ಒಂದು ಅಂದಾಜು ಮಾತ್ರ. ಅದನ್ನು ಮರೆತರೆ ಇಲ್ಲದ ಧೈರ್ಯ ಬರುತ್ತೆ. 95% ಭರವಸೆಗೆ ನಾವು ಬಾಯಿಪಾಠ ಮಾಡಿದ 1.96, ಹತ್ತು ಅಳತೆಗಳಿದ್ದರೆ 2.26 ಆಗಬೇಕು, ನಾಲ್ಕೇ ಇದ್ದರೆ 3.18.

1908ರಲ್ಲಿ ಈ ಕೆಲಸ ‘ಬಯೋಮೆಟ್ರಿಕಾ’ ಪತ್ರಿಕೆಯಲ್ಲಿ ಬಂತು. ನೌಕರರು ಸ್ವಂತ ಹೆಸರಿನಲ್ಲಿ ಪ್ರಕಟಿಸಲು ಕಂಪನಿ ಬಿಡುತ್ತಿರಲಿಲ್ಲ. ಹಾಗಾಗಿ ‘ಸ್ಟೂಡೆಂಟ್’ ಅನ್ನೋ ಗುಪ್ತನಾಮ.

ಆ ಲೇಖನದಲ್ಲಿದ್ದ ಒಂದು ಉದಾಹರಣೆಯನ್ನು ನಾವು ಗಮನಿಸಲೇಬೇಕು. ಹತ್ತು ರೋಗಿಗಳಿಗೆ ನಿದ್ರೆಯ ಎರಡು ಔಷಧಿಗಳನ್ನು ಬೇರೆ ಬೇರೆ ಸಮಯದಲ್ಲಿ ಕೊಟ್ಟು, ಎಷ್ಟು ಗಂಟೆ ನಿದ್ರೆ ಹೆಚ್ಚಾಯ್ತು ಅಂತ ಅಳೆದಿದ್ದರು. ಎರಡನೆಯ ಔಷಧಿಯಿಂದ ಸರಾಸರಿ 1.58 ಗಂಟೆ ಜಾಸ್ತಿ. ಈ 20 ಸಂಖ್ಯೆಗಳನ್ನು ಎರಡು ಬೇರೆ ಗುಂಪುಗಳೆಂದು ಲೆಕ್ಕ ಹಾಕಿದರೆ ಟಿ ಬೆಲೆ 1.86, 5% ಮಟ್ಟದಲ್ಲಿ ವ್ಯತ್ಯಾಸ ಸಾಬೀತಾಗಲ್ಲ. ಆದರೆ ಅಳೆದದ್ದು ಅದೇ ಹತ್ತು ಜನರನ್ನ ಅಲ್ವಾ? ಒಬ್ಬೊಬ್ಬರ ಎರಡು ಅಳತೆಗಳ ವ್ಯತ್ಯಾಸ ತೆಗೆದರೆ, ಔಷಧಿಗೆ ಒಬ್ಬರು ಹೆಚ್ಚು, ಇನ್ನೊಬ್ಬರು ಕಡಿಮೆ ಸ್ಪಂದಿಸೋ ಏರುಪೇರು ಬಹುಪಾಲು ಕಳೆದುಹೋಗುತ್ತೆ. ಆಗ ಟಿ ಬೆಲೆ 4.06, ಅನುಮಾನಕ್ಕೆ ಜಾಗ ತೀರಾ ಕಡಿಮೆ. ಗಾಸೆಟ್ ಮಾಡಿದ್ದು ಹೀಗೆ, ವ್ಯತ್ಯಾಸಗಳ ಮೇಲಿನ ಲೆಕ್ಕವನ್ನೇ. ಡೇಟಾ ಒಂದೇ, ಅದನ್ನು ಹೇಗೆ ಸಂಗ್ರಹಿಸಿದರು ಅನ್ನೋದನ್ನು ಲೆಕ್ಕ ಮರೆಯಬಾರದು ಅಷ್ಟೇ. ಆರ್ ಸಾಫ್ಟ್‌ವೇರ್‌ನಲ್ಲಿ ‘ಸ್ಲೀಪ್’ ಅಂತ ಟೈಪ್ ಮಾಡಿದರೆ ಇದೇ ಡೇಟಾ ಇವತ್ತಿಗೂ ಸಿಗುತ್ತೆ.

ಮುಂದೆ ರೊನಾಲ್ಡ್ ಫಿಶರ್ ಈ ವಿಧಾನಕ್ಕೆ ಗಟ್ಟಿ ಗಣಿತದ ಬುನಾದಿ ಹಾಕಿ, 1925ರ ತಮ್ಮ ಪುಸ್ತಕದ ಮೂಲಕ ಎಲ್ಲ ಕಡೆ ತಲುಪಿಸಿದರು. ಪಿಯರ್ಸನ್‌ಗೂ ಫಿಶರ್‌ಗೂ ಎಣ್ಣೆ-ಸೀಗೆಕಾಯಿ ಸಂಬಂಧ. ಗಾಸೆಟ್ ಮಾತ್ರ ಇಬ್ಬರಿಗೂ ಸ್ನೇಹಿತ. ಕೊನೆಯವರೆಗೂ ಗಿನ್ನೆಸ್‌ನಲ್ಲೇ ದುಡಿದು, 1937ರ ಅಕ್ಟೋಬರ್ 16ರಂದು, 61ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಪ್ರಾಜೆಕ್ಟ್‌ಗಳಲ್ಲೂ ಅಷ್ಟೇ, ಸಿಗೋದು ನಾಲ್ಕೈದು ರೀಡಿಂಗ್. ಅದೇ ಸ್ಯಾಂಪಲ್ ಮೇಲೆ ಎರಡು ಸಲ ಅಳೆದಿದ್ದರೆ ಜೋಡಿಯನ್ನು ಒಡೆಯಬೇಡಿ, ರೀಡಿಂಗ್ ಕಡಿಮೆಯಿದ್ದರೆ 1.96 ಹಾಕಬೇಡಿ. ಗಾಸೆಟ್ ನಮಗೆ ಬಿಟ್ಟುಹೋದ ಪಾಠ ಇದು.