ತತ್ತ್ವಜ್ಞ ಸ್ಪಿನೋಜ

ಸತ್ಯವನ್ನು ಅರಿಯುವುದು ಕಠಿನವಾದುದು. ಅರಿತ ಸತ್ಯವನ್ನು ಭಯಕ್ಕೂ ಆಶೆಗೂ ಒಪ್ಪಿಸದೆ ಕಾಪಾಡಿಕೊಳ್ಳುವುದು ಅದಕ್ಕಿಂತಲೂ ಕಠಿನವಾದುದು. ಪಾಶ್ಚಾತ್ಯ ತತ್ತ್ವಜ್ಞರಲ್ಲಿ ಈ ವ್ರತವನ್ನು ಕಡೆಯ ಉಸಿರಿನವರೆಗೂ ಪಾಲಿಸಿದ ಮಹನೀಯನು ಸ್ಪಿನೋಜನು.

ಆತನು 1632ನೆಯ ಇಸವಿ ನವೆಂಬರ್ 24ರಂದು ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಯೆಹೂದ್ಯ ವರ್ತಕನೊಬ್ಬನ ಮಗನಾಗಿ ಜನಿಸಿದನು. ಪೋರ್ಚುಗಲ್ ದೇಶದಲ್ಲಿ ಮತದ ಹೆಸರಿನಿಂದ ನಡೆದ ಹಿಂಸೆಯನ್ನು ತಾಳಲಾರದೆ ವಲಸೆ ಬಂದವರ ಕುಲವದು. ಆರನೆಯ ವರುಷದಲ್ಲಿಯೇ ಬಾಲಕನು ತಾಯಿಯನ್ನು ಕಳೆದುಕೊಂಡನು. ಪಾಠಶಾಲೆಯಲ್ಲಿ ಹೀಬ್ರೂ ಭಾಷೆಯನ್ನೂ ತನ್ನವರ ಧರ್ಮಗ್ರಂಥಗಳನ್ನೂ ಅಭ್ಯಾಸಮಾಡಿದನು. ತಂದೆಯ ತರುವಾಯ ತಮ್ಮನೊಡನೆ ವ್ಯಾಪಾರವನ್ನೂ ನಡೆಯಿಸಿದನು. ಆದರೆ ಯಾವ ಮಾತನ್ನೇ ಆಗಲಿ ಯುಕ್ತಿಯ ಒರೆಗಲ್ಲಿಗೆ ಹಚ್ಚದೆ ಒಪ್ಪಲಾಗದೆಂಬ ನಿಶ್ಚಯವು ಆತನಲ್ಲಿ ದಿನೇ ದಿನೇ ಬಲಿಯಿತು.

ಈ ನಿಶ್ಚಯಕ್ಕೆ ತೆತ್ತ ಬೆಲೆ ಅಲ್ಪವಲ್ಲ. 1656ನೆಯ ಇಸವಿ ಜುಲೈ 27ರಂದು ಪ್ರಾರ್ಥನಾಮಂದಿರದಲ್ಲಿ ಆತನ ಬಹಿಷ್ಕಾರಪತ್ರವು ಪಠಿಸಲ್ಪಟ್ಟಿತು. ಯಾರೂ ಆತನೊಡನೆ ಮಾತನಾಡಕೂಡದು, ಒಂದೇ ಸೂರಿನಡಿಯಲ್ಲಿ ಇರಕೂಡದು, ಆತನು ಬರೆದುದನ್ನು ಓದಕೂಡದು ಎಂದು ಕಟ್ಟಪ್ಪಣೆಯಾಯಿತು. ಆಗ ಆತನಿಗೆ 23 ವರುಷ. ಮತಹಿಂಸೆಯಿಂದ ನೊಂದು ಬಂದವರೇ ತಮ್ಮ ಕುಲದ ಮಗನನ್ನು ಹೀಗೆ ಹೊರದೂಡಿದುದು ಶೋಚನೀಯವು. ಸ್ಪಿನೋಜನು ತನ್ನ ವಿಚಾರಗಳನ್ನು ಹಿಂತೆಗೆದುಕೊಳ್ಳಲಿಲ್ಲ. ಬೇರೊಂದು ಮತವನ್ನು ಸೇರಿ ಅದರ ಆಶ್ರಯವನ್ನೂ ಅರಸಲಿಲ್ಲ.

ಜೀವನಕ್ಕಾಗಿ ಗಾಜನ್ನು ಉಜ್ಜಿ ದುರ್ಬೀನು, ಸೂಕ್ಷ್ಮದರ್ಶಕಗಳಿಗೆ ಬೇಕಾದ ಮಸೂರಗಳನ್ನು ಮಾಡುವ ಕೆಲಸವನ್ನು ಕೈಕೊಂಡನು. ಸುಪ್ರಸಿದ್ಧ ವಿಜ್ಞಾನಿಯಾದ ಹೈಗನ್ಸನೂ ಅವುಗಳನ್ನು ಮೆಚ್ಚಿದನು. ಧನಿಕನಾದ ಮಿತ್ರನೊಬ್ಬನು ತನ್ನ ಆಸ್ತಿಯನ್ನೇ ಆತನಿಗೆ ಬರೆದುಕೊಡಲು ಮುಂದಾದಾಗ, ಅದು ತಮ್ಮನಿಗೆ ಸಲ್ಲತಕ್ಕುದೆಂದು ತಿಳಿಯಹೇಳಿದನೆಂದೂ, ಬಳಿಕ ಗೊತ್ತಾದ 500 ಗಿಲ್ಡರುಗಳ ವರ್ಷಾಶನದಲ್ಲಿ 300ನ್ನು ಮಾತ್ರ ಸ್ವೀಕರಿಸಿದನೆಂದೂ ಪೂರ್ವದ ಚರಿತ್ರಕಾರರು ಬರೆದಿರುವರು. ಕಾಯಕದ ಮಹಿಮೆಯನ್ನು ಬಲ್ಲ ಶರಣಸಂತತಿಗೆ ಇದರ ಮರ್ಮವು ಸಹಜವಾಗಿಯೇ ತಿಳಿಯುವುದು. ಪರರ ಮುಂದೆ ಕೈಯೊಡ್ಡದವನ ನಾಲಗೆಯನ್ನು ಕಟ್ಟುವುದು ಸುಲಭವಲ್ಲ.

1670ರಲ್ಲಿ ಧರ್ಮವನ್ನೂ ರಾಜ್ಯವನ್ನೂ ಕುರಿತ ಆತನ ಗ್ರಂಥವು ಕರ್ತೃವಿನ ಹೆಸರಿಲ್ಲದೆ ಪ್ರಕಟವಾಯಿತು. ಧರ್ಮಗ್ರಂಥಗಳ ಅರ್ಥವನ್ನು ಅವು ಹುಟ್ಟಿದ ಕಾಲವನ್ನೂ ಭಾಷೆಯನ್ನೂ ವಿಚಾರಿಸಿಯೇ ನಿರ್ಣಯಿಸಬೇಕು. ವಿಚಾರಸ್ವಾತಂತ್ರ್ಯದಿಂದ ಭಕ್ತಿಗಾಗಲಿ ರಾಜ್ಯದ ಶಾಂತಿಗಾಗಲಿ ಹಾನಿಯಿಲ್ಲ. ಅದನ್ನು ಅಳಿಸಹೋದರೆ ಅವೆರಡೂ ಅಳಿಯುವುವು. ಇದೇ ಅದರ ಸಾರವು. 1674ರಲ್ಲಿ ಹಾಲೆಂಡಿನ ಆಳರಸರು ಆ ಗ್ರಂಥವನ್ನು ನಿಷೇಧಿಸಿದರು.

ಇದಕ್ಕೆ ಒಂದು ವರುಷ ಮೊದಲು ಆಶೆಯ ಪರೀಕ್ಷೆಯೂ ಒದಗಿತ್ತು. 1673ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕಪದವಿಯನ್ನು ಸ್ವೀಕರಿಸಬೇಕೆಂದು ಅಲ್ಲಿಯ ಅರಸನಿಂದ ಆಹ್ವಾನವು ಬಂದಿತು. ವಿಚಾರಸ್ವಾತಂತ್ರ್ಯದ ಭರವಸೆಯಿದ್ದಿತು, ಆದರೆ ಅದನ್ನು ಬಳಸಿ ಅಲ್ಲಿ ನೆಲೆಗೊಂಡ ಮತವನ್ನು ಕದಡಬಾರದೆಂಬ ನಿರೀಕ್ಷೆಯೂ ಜೊತೆಗಿದ್ದಿತು. ಆ ಸ್ವಾತಂತ್ರ್ಯದ ಮೇರೆ ಎಲ್ಲಿಯವರೆಗೆಂಬುದು ತನಗೆ ತಿಳಿಯದೆಂದು ಸ್ಪಿನೋಜನು ವಿನಯದಿಂದ ಉತ್ತರವನ್ನು ಬರೆದು ಆ ಗೌರವವನ್ನು ಬಿಟ್ಟುಕೊಟ್ಟನು.

ಇಷ್ಟಾದರೂ ಆತನು ಪರರ ಭಕ್ತಿಯನ್ನು ಹಳಿದವನಲ್ಲ. ಹೇಗ್ ಪಟ್ಟಣದಲ್ಲಿ ಆತನು ಇಳಿದುಕೊಂಡಿದ್ದ ಮನೆಯೊಡತಿಯು, ತನ್ನ ಮತದಿಂದ ತನಗೆ ಸದ್ಗತಿಯುಂಟೇ ಎಂದು ಒಮ್ಮೆ ಕೇಳಿದಳಂತೆ. ಆಕೆಯ ಮತವು ಒಳ್ಳೆಯದೇ ಎಂದೂ, ಶಾಂತಿಯಿಂದಲೂ ಭಕ್ತಿಯಿಂದಲೂ ಬಾಳಿದರೆ ಬೇರೊಂದನ್ನು ಅರಸಬೇಕಾಗಿಲ್ಲವೆಂದೂ ಆತನು ಸಮಾಧಾನ ಹೇಳಿದನು. ತನ್ನ ಯುಕ್ತಿಯನ್ನು ಇನ್ನೊಬ್ಬರ ಮೇಲೆ ಹೇರುವುದು ಆತನಿಗೆ ಸ್ವಾತಂತ್ರ್ಯವೆನಿಸಿರಲಿಲ್ಲ.

ಆತನ ಮಹಾಕೃತಿಯಾದ ನೀತಿಶಾಸ್ತ್ರವು 1675ರಲ್ಲಿ ಸಿದ್ಧವಾಯಿತು. ಇರುವುದೆಲ್ಲವೂ ದೇವರಲ್ಲಿಯೇ ಇರುವುದು, ದೇವರನ್ನು ಬಿಟ್ಟು ಬೇರೊಂದಿಲ್ಲ ಎಂಬುದು ಅದರ ಮೂಲಸಿದ್ಧಾಂತವು. ವಿರೋಧವು ಪ್ರಬಲವಾದುದರಿಂದ ಆತನು ಅದನ್ನು ಅಚ್ಚು ಹಾಕಿಸದೆ ಇಟ್ಟನು. 1677ನೆಯ ಇಸವಿ ಫೆಬ್ರುವರಿ 21ರಂದು ಎದೆಯ ರೋಗದಿಂದ, 44ನೆಯ ವಯಸ್ಸಿನಲ್ಲಿ ದೇಹವನ್ನು ತ್ಯಜಿಸಿದನು. ಅದೇ ವರುಷ ಮಿತ್ರರು ಆ ಗ್ರಂಥವನ್ನು ಪ್ರಕಟಿಸಿದರು.

ಯಾರೂ ಓದಕೂಡದೆಂದು ಶಪಿಸಲ್ಪಟ್ಟ ಬರಹವನ್ನು ಇಂದು ದೇಶದೇಶಗಳ ಜನರು ಓದುತ್ತಿರುವರು. ತಾನು ನಿರ್ಭಯನಾಗಿ ವಿಚಾರಿಸುವುದು, ಪರರಿಗೂ ಆ ಹಕ್ಕನ್ನು ಮನ್ನಿಸುವುದು, ಇವೆರಡೂ ಕೂಡಿದಲ್ಲಿಯೇ ಬುದ್ಧಿಯ ಸ್ವಾತಂತ್ರ್ಯವು ಪೂರ್ಣವಾಗುವುದು. ಇಂಥ ಪುಣ್ಯಚರಿತ್ರೆಯ ಮನನದಿಂದ ಸದ್ಭಕ್ತರ ಅರಿವು ಬೆಳಗಲಿ.