ಅಂಗಳಕ್ಕೆ ಸಾಲಿ ತಂದ ಶಾಸಕಿ

ಹಾನಗಲ್ಲ ಬಸ್ ಸ್ಟ್ಯಾಂಡಿನಾಗ ಯಾವ ಹಳ್ಳಿ ಬಸ್ ಹತ್ತಿದರೂ ಸರಿ, ಇಳಿದ ಊರಲ್ಲಿ ಒಂದು ಅಂಗನವಾಡಿ ಇದ್ದೇ ಇರುತ್ತದೆ. ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಗೂ ಅಷ್ಟೇ. ಕೂಸಿಗೆ ಮೂರು ವರ್ಷ ತುಂಬಿತೆಂದರೆ ಅಲ್ಲಿ ಬಿಟ್ಟು ತಾಯಂದಿರು ಹೊಲಕ್ಕೆ ನಡೆಯುತ್ತಾರೆ. ಆದರೆ ಈ ಅಂಗಳದ ಸಾಲಿ ಯಾರ ತಲೆಯಲ್ಲಿ ಹುಟ್ಟಿತು ಅಂತ ಕೇಳಿ ನೋಡಿ, ಹೇಳುವವರು ಸಿಗುವುದಿಲ್ಲ.

ಅವರ ಹೆಸರು ತಾರಾಬಾಯಿ ಮೋಡಕ. ಮಕ್ಕಳ ಮನಸ್ಸು ತಿಳಿಯುವುದನ್ನೇ ಜೀವನದ ಕಸುಬು ಮಾಡಿಕೊಂಡು, ಮುಂದೆ ಶಾಸಕಿಯೂ ಆದ ಹೆಣ್ಣುಮಗಳು. ಮರಾಠಿಯವರು, ನಮಗೇನು ಸಂಬಂಧ ಅನ್ನಬೇಡಿ. 1946ರಿಂದ 1951ರ ತನಕ ಅವರು ಕೂತದ್ದು ಮುಂಬಯಿ ವಿಧಾನಸಭೆಯಲ್ಲಿ. ಆಗ ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ಎಲ್ಲ ಧಾರವಾಡ ಜಿಲ್ಲೆಯೊಳಗೆ, ಧಾರವಾಡ ಮುಂಬಯಿ ಪ್ರಾಂತದೊಳಗೆ. ನವಾಬರ ಸವಣೂರೂ 1948ರಲ್ಲಿ ಅದರಲ್ಲೇ ಸೇರಿತು. ನಮ್ಮ ಅಜ್ಜಂದಿರಿಗೆ ಕಾಯ್ದೆ ಮಾಡಿದ ಸಭೆಯಲ್ಲಿ ಈ ತಾಯಿಯೂ ಇದ್ದರು ಅಂದಂಗಾಯ್ತು.

ತಾರಾಬಾಯಿ ಹುಟ್ಟಿದ್ದು 1892ರಲ್ಲಿ, ಮುಂಬಯಿಯಲ್ಲಿ. ತಂದೆ ಸದಾಶಿವರಾವ್ ಕೇಳಕರ ಪ್ರಾರ್ಥನಾ ಸಮಾಜದವರು. ತಾಯಿ ಉಮಾಬಾಯಿ ವಿಧವೆಯಾಗಿದ್ದು ಮರುಮದುವೆಯಾದವರು. ಆ ಕಾಲದಲ್ಲಿ ಜನರ ಬಾಯಿಗೆ ಬೀಳಲು ಅಷ್ಟೇ ಸಾಕಿತ್ತು. ಮಗಳು ಹಟ ಹಿಡಿದು ಓದಿ 1914ರಲ್ಲಿ ಬಿ.ಎ. ಮುಗಿಸಿದರು. ಅಮರಾವತಿಯ ವಕೀಲರ ಜೊತೆ ಮದುವೆ ಆಯಿತು, ಆ ಸಂಸಾರ ನಿಲ್ಲಲಿಲ್ಲ. ಅಳುತ್ತ ಕೂಡದೆ ರಾಜಕೋಟಕ್ಕೆ ಹೋಗಿ ಹೆಣ್ಣುಮಕ್ಕಳ ಟ್ರೇನಿಂಗ್ ಕಾಲೇಜಿನ ಪ್ರಿನ್ಸಿಪಾಲರಾದರು.

ದೊಡ್ಡ ಹುದ್ದೆ, ಕೈತುಂಬ ಕೆಲಸ. ಅದನ್ನೂ ಬಿಟ್ಟು 1923ರಲ್ಲಿ ಭಾವನಗರದ ಗಿಜುಭಾಯಿ ಬಧೇಕಾ ಅವರ ಬಾಲಮಂದಿರ ಸೇರಿಕೊಂಡರು. ಗಿಜುಭಾಯಿ ವಕೀಲಿ ಬಿಟ್ಟು ಮಕ್ಕಳ ಜೊತೆ ನೆಲಕ್ಕೆ ಕೂತ ಮನುಷ್ಯ. ಇಟಲಿಯ ಡಾಕ್ಟರ್ ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ಪಟ್ಟಣದ ಬಡವರ ಓಣಿಯಲ್ಲಿ ಸುರು ಮಾಡಿದ ಪದ್ಧತಿ ಅಲ್ಲಿ ನಡೆದಿತ್ತು. ಕೂಸಿನ ಬುದ್ಧಿ ಕೈಯಿಂದ ಬೆಳೆಯುತ್ತದೆ, ಮುಟ್ಟಿ, ಜೋಡಿಸಿ, ತಪ್ಪಿ ತಾನೇ ತಿದ್ದಿಕೊಳ್ಳುತ್ತದೆ, ಬಡಿತ ಬೈಗುಳದಿಂದ ಅದು ಮುದುಡುತ್ತದೆ. ಇದು ಅದರ ಸಾರ. ಮಾಸ್ತರರ ಕೈಯಲ್ಲಿ ಛಡಿ ಇಲ್ಲದೆ ಸಾಲಿಯೇ ಇಲ್ಲ ಅನ್ನುವ ಕಾಲದಲ್ಲಿ ಈ ಮಾತು!

1926ರಲ್ಲಿ ಇಬ್ಬರೂ ಕೂಡಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದರು. 1936ರಲ್ಲಿ ತಾರಾಬಾಯಿ ಮುಂಬಯಿಯ ದಾದರದಲ್ಲಿ ಶಿಶುವಿಹಾರ ತೆರೆದರು. ಹೆಸರೂ ಬಂತು. ಆದರೆ ಪೇಟೆಯ ಮಕ್ಕಳಿಗಷ್ಟೇ ಈ ಭಾಗ್ಯವೇನು ಅನ್ನುವ ಚಿಂತೆ ಬಿಡಲಿಲ್ಲ. 1945ರಲ್ಲಿ ಠಾಣೆ ಜಿಲ್ಲೆಯ ಬೋರ್ಡಿಗೆ ಹೋದರು. ಅನುತಾಯಿ ವಾಘ ಜೊತೆಯಾದರು.

ಅಲ್ಲಿ ಪುಸ್ತಕದ ಲೆಕ್ಕ ತಪ್ಪಿತು. ಬಾಲವಾಡಿ ತೆರೆದರೂ ಕೇರಿಯ ಬಡ ಮಕ್ಕಳು ಬರಲಿಲ್ಲ. ಮಕ್ಕಳು ಬರದಿದ್ದರೆ ಸಾಲಿಯೇ ಹೋಗಲಿ ಅಂತ ಇಬ್ಬರೂ ಕೇರಿಯ ಅಂಗಳದಲ್ಲೇ ಕೂತರು. ಮೊದಲು ಮೈ ತೊಳೆದು ತಲೆ ಬಾಚುವುದು, ಆಮೇಲೆ ಪಾಠ. ಪರದೇಶದ ತುಟ್ಟಿ ಆಟಿಗೆ ಬದಲು ಕಲ್ಲು, ಬೀಜ, ಎಲೆ, ಕಪ್ಪೆಚಿಪ್ಪು. ಅಂಗನ ಅಂದರೆ ಅಂಗಳ. ಅಂಗಳದ ವಾಡಿಯೇ ಅಂಗನವಾಡಿ.

ಶಾಸಕಿಯಾದದ್ದು ಇದೇ ಹೊತ್ತಿನಲ್ಲಿ. ಅವಧಿ ಮುಗಿದ ಮೇಲೆ ಕುರ್ಚಿಗೆ ಅಂಟಿಕೊಳ್ಳಲಿಲ್ಲ. 1957ರಲ್ಲಿ, ಅರವತ್ತೈದರ ವಯಸ್ಸಿನಲ್ಲಿ, ಕೋಸಬಾಡ ಗುಡ್ಡ ಹತ್ತಿ ವಾರ್ಲಿ ಆದಿವಾಸಿ ಮಕ್ಕಳ ನಡುವೆ ನೆಲೆಸಿದರು. ದನ ಕಾಯುವ ಹುಡುಗರು ಸಾಲಿಗೆ ಬರದಿದ್ದಾಗ ದನ ಮೇಯುವ ಹುಲ್ಲುಗಾವಲಿನಲ್ಲೇ ಸಾಲಿ ನಡೆಯಿತು. 1962ರಲ್ಲಿ ಪದ್ಮಭೂಷಣ ಬಂತು. 1973ರಲ್ಲಿ ತೀರಿಕೊಂಡರು.

ಎರಡೇ ವರ್ಷಕ್ಕೆ, 1975ರ ಅಕ್ಟೋಬರ್ 2ರಂದು, ಕೇಂದ್ರ ಸರಕಾರ ಮಕ್ಕಳ ಅಭಿವೃದ್ಧಿ ಯೋಜನೆ ಸುರು ಮಾಡಿ ಅದೇ ಹೆಸರನ್ನು ದೇಶಕ್ಕೆಲ್ಲ ಹಂಚಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಕಡೆಯ ಟಿ. ನರಸೀಪುರಕ್ಕೆ. ಅದನ್ನು ನೋಡಲು ತಾರಾಬಾಯಿ ಇರಲಿಲ್ಲ.

ಶಾಸಕರು ಬಹಳ ಮಂದಿ ಬಂದರು, ಹೋದರು. ಈಕೆ ಯಾವ ಬೆಂಚಿನಲ್ಲಿ ಕೂತಿದ್ದರೋ ಜನ ಮರೆತರು, ಅಂಗಳ ಮಾತ್ರ ಉಳಿಯಿತು. ಆದರೆ ಆ ಅಂಗಳ ಕಾಯುವ ಅಕ್ಕೋರಿಗೆ ಇಂದಿಗೂ ಸಿಗುವುದು ಪಗಾರವಲ್ಲ, ಗೌರವಧನ. ಮುಂದಿನ ಸಲ ನಮ್ಮ ನಾಲ್ಕು ತಾಲೂಕಿನ ಯಾವುದೇ ಅಂಗನವಾಡಿಗೆ ಟೇಪು ಕತ್ತರಿಸಲು ಶಾಸಕರು ಬಂದಾಗ ಒಂದು ತಾಸು ನೆಲಕ್ಕೆ ಕೂತು ಹೋಗಲಿ. ಕೂಸುಗಳ ಜೊತೆ, ಅಕ್ಕೋರ ಜೊತೆ. ತಾರಾಬಾಯಿ ಮಾಡಿದ್ದೂ ಅಷ್ಟೇ.